‘ಎಷ್ಟು ಕೊಡ್ತೀರಿ?’ ಅಂತ ಕೇಳುವುದು ತಪ್ಪಲ್ಲ

ಈ ವರ್ಷದ ಸ್ನೇಹ ಸಮ್ಮೇಳನಕ್ಕೆ ಕೀಬೋರ್ಡ್ ನುಡಿಸಲು ನಾನು ನಮ್ಮ ಕಾಲೇಜಿಗೆ ಬಂದಿದ್ದೆ. ಕಾರ್ಯಕ್ರಮ ಮುಗಿದು ವೈರು ಸುತ್ತುತ್ತಿದ್ದಾಗ ಒಬ್ಬ ಹುಡುಗ ಹತ್ತಿರ ಬಂದ. ಪ್ರಥಮ ಪಿಯುಸಿ, ಕಾಮರ್ಸ್. ಸಂಕೋಚದಿಂದಲೇ ಕೇಳಿದ: “ಭಾಯ್, ನಾನೂ ಆರ್ಕೆಸ್ಟ್ರಾದಾಗ ರಿದಮ್ ಪ್ಯಾಡ್ ಬಾರಿಸ್ತೀನ್ರಿ. ಒಂದ ರಾತ್ರಿಗೆ ಎಂಟನೂರು ಕೊಡ್ತಾರ. ತಿಂಗಳಿಗೆ ಇಪ್ಪತ್ನಾಲ್ಕ ಸಾವಿರ ಆಗ್ತೈತಿ. ಕಾಲೇಜ್ ಬಿಡ್ಲೇನ್ರಿ?”

ನಾನು ಏನೋ ಹೇಳಿ ನಕ್ಕು ಕಳಿಸಿದೆ. ಹೊರಗೆ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ. ಮನೆಗೆ ಬಂದು ಮಲಗಿದ ಮೇಲೆ ನಿದ್ದೆ ಬರಲಿಲ್ಲ. ಅಷ್ಟು ದೊಡ್ಡ ಪ್ರಶ್ನೆಗೆ ನಕ್ಕುಬಿಟ್ಟೆನಲ್ಲ ಎನಿಸಿತು. ಅದೇ ವಾರ ಸಂಪಾದಕ ಮಂಡಳಿಯ ಗುರುಗಳು ಫೋನ್ ಮಾಡಿ, “ನೀನು ನಮ್ಮ ಹಳೆಯ ವಿದ್ಯಾರ್ಥಿ, ವಾರ್ತಾಪತ್ರಕ್ಕೆ ಏನಾದರೂ ಬರಿ” ಎಂದರು. ಹಾಗಾಗಿ ಇದು ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ. ಉಳಿದವರಿಗೂ, ಗುರುಗಳಿಗೂ ಹೇಳುವ ಮಾತು ಇದರಲ್ಲಿ ಇದೆ.

ಮೊದಲು ನನ್ನ ಬಗ್ಗೆ. 2014ರಲ್ಲಿ ಇದೇ ಕಾಲೇಜಿನಿಂದ ಪಿಯುಸಿ ಕಾಮರ್ಸ್ ಪಾಸಾದವನು. ಹಗಲು ಸವದತ್ತಿ ಪೇಟೆಯ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಮದುವೆ, ಜಾತ್ರೆ, ಗಣೇಶನ ಮಂಟಪ, ಉರುಸು, ರಾಜ್ಯೋತ್ಸವ, ಎಲ್ಲಿ ಕರೆದರೂ ಕೀಬೋರ್ಡ್ ನುಡಿಸುತ್ತೇನೆ, ಜಾನಪದ ಹಾಡುತ್ತೇನೆ. ಹಬ್ಬದ ಪಾಂಪ್ಲೆಟ್‌ನಲ್ಲಿ ನನ್ನ ಹೆಸರು ‘ಮತ್ತು ಸಂಗಡಿಗರು’ ಎನ್ನುವ ಎರಡು ಪದಗಳ ಒಳಗೆ ಇರುತ್ತದೆ.

ಮಲಪ್ರಭೆಯ ದಂಡೆಯ ನಮ್ಮ ಊರಿನಲ್ಲಿ ನನ್ನ ದಾದಾ ಮೊಹರಂ ಪದ ಹಾಡುತ್ತಿದ್ದರು. ಕರ್ಬಲಾದ ಕತೆ, ಹಾಡುವುದು ಕನ್ನಡದಲ್ಲಿ, ಹೆಜ್ಜೆ ಹಾಕುವವರಲ್ಲಿ ಊರಿನ ಎಲ್ಲ ಜಾತಿಯವರು. ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಾದಾ ತೀರಿಕೊಂಡಾಗ ನನಗೆ ಹತ್ತು ವರ್ಷ. ಆಮೇಲೆ ನಾನು ಹೋಗಿ ಕೂತದ್ದು ಊರ ಮಠದ ಭಜನೆಯಲ್ಲಿ. ಅಲ್ಲಿ ಪೇಟಿ ನುಡಿಸುವ ಅಜ್ಜಾರು ಒಬ್ಬರಿದ್ದರು. ಮೊದಲ ಒಂದು ತಿಂಗಳು ನನಗೆ ಒಂದು ಮನೆಯನ್ನೂ ಮುಟ್ಟಲು ಬಿಡಲಿಲ್ಲ. ಅವರು ನುಡಿಸುವಾಗ ತಿದಿ ಒತ್ತುವುದಷ್ಟೇ ನನ್ನ ಕೆಲಸ. ಗಾಳಿ ಒಂದೇ ಸಮ ಹೋಗಬೇಕು, ಹೆಚ್ಚಾದರೆ ಸ್ವರ ಚೀರುತ್ತದೆ, ಕಡಿಮೆಯಾದರೆ ಸಾಯುತ್ತದೆ. ಆಗ ಬೇಸರ ಬರುತ್ತಿತ್ತು. ಈಗ ಹೊಸಬರು ನುಡಿಸುವುದನ್ನು ಕೇಳಿದಾಗ ಯಾರು ಆ ಒಂದು ತಿಂಗಳು ಕಳೆದಿದ್ದಾರೆ, ಯಾರು ಕಳೆದಿಲ್ಲ ಎಂದು ಗೊತ್ತಾಗುತ್ತದೆ.

ಯಲ್ಲಮ್ಮನ ಗುಡ್ಡ ನಮಗೆ ಹತ್ತಿರ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸು ತುಂಬಿ ಜನ ಬರುವಾಗ ದಾರಿಯುದ್ದಕ್ಕೂ ಚೌಡಿಕೆ ಕೇಳುತ್ತದೆ. ಒಂದೇ ತಂತಿ. ಅದನ್ನು ಬಿಗಿ ಮಾಡುತ್ತ, ಸಡಿಲ ಮಾಡುತ್ತ ಸ್ವರವನ್ನೇ ಬಾಗಿಸುತ್ತಾರೆ. ನನ್ನ ಕೀಬೋರ್ಡಿಗೆ 61 ಮನೆ ಇದ್ದರೂ ಆ ಬಾಗು ಸುಲಭಕ್ಕೆ ಬರುವುದಿಲ್ಲ. ಎಡಗೈ ಪಕ್ಕದ ಸಣ್ಣ ಗಾಲಿ ತಿರುಗಿಸಿ ಏನೋ ಹತ್ತಿರ ಹೋಗುತ್ತೇನೆ, ಅಷ್ಟೇ. ಆದರೆ ಆ ಹಾಡನ್ನು ಹೊಗಳಿ ಮುಂದೆ ಹೋಗಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಅದರ ಹಿಂದೆ ದೇವದಾಸಿ ಪದ್ಧತಿಯ ನೋವಿದೆ. ಆ ಪದ್ಧತಿಯನ್ನು ನಿಷೇಧಿಸುವ ಕಾನೂನು ನಮ್ಮ ರಾಜ್ಯದಲ್ಲಿ ಬಂದದ್ದು 1982ರಲ್ಲಿ. ಜೋಗತಿ ಹಾಡುತ್ತಾಳೆ, ನಾವು ಹತ್ತು ರೂಪಾಯಿ ಹಾಕುತ್ತೇವೆ, ಅದನ್ನು ಜೋಗ ಎನ್ನುತ್ತೇವೆ. ಕೂಲಿ ಎಂದು ಯಾರೂ ಅನ್ನುವುದಿಲ್ಲ. ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದು ನಮಗೆಲ್ಲ ಹೆಮ್ಮೆ. ಗುಡ್ಡದ ಮೆಟ್ಟಿಲ ಮೇಲೆ ಕೂತವರ ಬಟ್ಟಲಿಗೆ ಮಾತ್ರ ಇನ್ನೂ ಹತ್ತು ರೂಪಾಯಿಯೇ ಬೀಳುತ್ತದೆ.

ಪೇಟಿಯ ಕತೆಯೂ ಸ್ವಲ್ಪ ಹಾಗೆಯೇ ಇದೆ. ಇದು ನಮ್ಮ ವಾದ್ಯವೇ ಅಲ್ಲ. ಪ್ಯಾರಿಸ್‌ನಲ್ಲಿ 1840ರ ದಶಕದ ಆರಂಭದಲ್ಲಿ ಅಲೆಕ್ಸಾಂಡ್ರ ಡೆಬೆನ್ ಎಂಬವರು ಹಾರ್ಮೋನಿಯಂಗೆ ಪೇಟೆಂಟ್ ಪಡೆದರು. ಅದು ಕಾಲಿನಿಂದ ಗಾಳಿ ಒತ್ತುವ ದೊಡ್ಡ ಪೇಟಿ. ಮನೆಗಳ ಜೋಡಣೆ ಪಿಯಾನೋದ್ದೇ, ಏಳು ಬಿಳಿ, ಐದು ಕಪ್ಪು. 1875ರ ಸುಮಾರಿಗೆ ಕೋಲ್ಕತ್ತಾದ ದ್ವಾರಕಾನಾಥ ಘೋಷ್ ಅದನ್ನು ಚಿಕ್ಕದು ಮಾಡಿ ಕೈಯಿಂದ ಒತ್ತುವಂತೆ ಮಾಡಿದರು. ಆಮೇಲೆ ಅದು ನೆಲದ ಮೇಲೆ ಕೂತು ನುಡಿಸುವ ಎಲ್ಲರ ಕೈಗೂ ಬಂತು. ಕೀರ್ತನೆ, ಕವಾಲಿ, ಕಂಪನಿ ನಾಟಕ, ಸಣ್ಣಾಟ, ಭಜನೆ, ಯಾವುದನ್ನೂ ಅದು ಬಿಡಲಿಲ್ಲ. ಬೈಲಹೊಂಗಲದ ಕತೆ ಎಂದೇ ಜನ ಹೇಳುವ ‘ಸಂಗ್ಯಾ ಬಾಳ್ಯಾ’ವನ್ನು ಪೇಟಿ ಇಲ್ಲದೆ ಇವತ್ತು ಊಹಿಸಲು ನನಗಾಗುವುದಿಲ್ಲ.

ಇಷ್ಟು ಕೆಲಸ ಮಾಡಿದ ವಾದ್ಯವನ್ನು ಆಕಾಶವಾಣಿ 1940ರಲ್ಲಿ ಹೊರಗೆ ಹಾಕಿತು! ಸ್ವರಗಳ ನಡುವೆ ಜಾರಲು ಬರುವುದಿಲ್ಲ, ಶ್ರುತಿ ಭಾರತೀಯ ಸಂಗೀತಕ್ಕೆ ಹೊಂದುವುದಿಲ್ಲ ಎಂಬುದು ಕಾರಣ. ಆ ಮಾತು ಪೂರ್ತಿ ಸುಳ್ಳೂ ಅಲ್ಲ ಎನ್ನಿ, ಚೌಡಿಕೆಯ ಮುಂದೆ ಕೂತವನಿಗೆ ಅದು ಗೊತ್ತು. ನಿಷೇಧ ಸಡಿಲವಾದದ್ದು 1971ರಲ್ಲಿ. 1950ರಲ್ಲಿ ಧಾರವಾಡ ಆಕಾಶವಾಣಿ ಕೇಂದ್ರ ಶುರುವಾದಾಗಲೂ ಅದು ಜಾರಿಯಲ್ಲಿತ್ತು. ಹೊರಗೆ ಮದುವೆ ಚಪ್ಪರದಲ್ಲಿ, ನಾಟಕದ ರಂಗದಲ್ಲಿ ಪೇಟಿ ನುಡಿಯುತ್ತಲೇ ಇತ್ತು.

ನಮ್ಮ ಜಿಲ್ಲೆಯ ಕಾಗವಾಡದಲ್ಲಿ 1917ರಲ್ಲಿ ಹುಟ್ಟಿದ ಪಂಡಿತ ರಾಮಭಾವು ಬಿಜಾಪುರೆ ಆ ಮೂವತ್ತೊಂದು ವರ್ಷವೂ ಪೇಟಿಯನ್ನು ಬಿಡಲಿಲ್ಲ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಅವರಂಥವರಿಗೆ ಸಾಥ್ ಕೊಟ್ಟರು, ಬೆಳಗಾವಿಯಲ್ಲಿ ಕೂತು ಕಲಿಸಿದರು, ಪೇಟಿಯನ್ನು ಒಂಟಿಯಾಗಿಯೂ ಕಛೇರಿಗೆ ತಂದರು. 2010ರಲ್ಲಿ ತೀರಿಕೊಂಡಾಗ ಅವರಿಗೆ 93. ‘ಮತ್ತು ಸಂಗಡಿಗರು’ ಎಂದು ಬರೆಸಿಕೊಂಡ ದಿನ ನಾನು ಅವರನ್ನು ನೆನೆಯುತ್ತೇನೆ. ಪಕ್ಕದಲ್ಲಿ ಕೂತು ನುಡಿಸುವುದು ಸಣ್ಣ ಕೆಲಸವಲ್ಲ.

ಈಗ ದುಡ್ಡಿನ ಮಾತು. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ಕನ್ನಡ ಕಾರ್ಯಕ್ರಮಕ್ಕೆ ಕರೆದಿದ್ದರು. ಹೆಸರು ಬೇಡ. ಸಂಜೆ 5ಕ್ಕೆ ಹೋಗಿ ಕೂತೆವು, ಭಾಷಣ ಮುಗಿದದ್ದು 8ಕ್ಕೆ. ರಾತ್ರಿ 10ರ ನಂತರ ಧ್ವನಿವರ್ಧಕ ಹಾಕುವಂತಿಲ್ಲ ಎಂಬ ನಿಯಮ ಇರುವುದರಿಂದ ಎರಡು ತಾಸಿನಲ್ಲಿ ಹದಿನಾಲ್ಕು ಹಾಡು ಓಡಿಸಿದೆವು. ಕೊನೆಗೆ ಒಂದು ಶಾಲು, ಒಂದು ಹಾರ, ಒಂದು ತೆಂಗಿನಕಾಯಿ, ಗಾಜಿನ ಫ್ರೇಮಿನ ಪ್ರಮಾಣಪತ್ರ. ಗಾಡಿ ಬಾಡಿಗೆ ಕೇಳಿದೆ. “ಕಲಾವಿದರಾಗಿ ದುಡ್ಡಿನ ಮಾತು ಆಡ್ತೀರಲ್ರೀ” ಎಂದರು. ಕೊನೆಯ ಬಸ್ಸು ಹೋಗಿತ್ತು. ಆಟೋಕ್ಕೆ 600 ರೂಪಾಯಿ ನಾವು ನಾಲ್ಕು ಜನ ಹಂಚಿಕೊಂಡೆವು. ಶಾಮಿಯಾನದವನಿಗೆ, ಸೌಂಡ್‌ನವನಿಗೆ, ಅಡುಗೆಯವರಿಗೆ ಅದೇ ರಾತ್ರಿ ಹಣ ಎಣಿಸಿ ಕೊಟ್ಟದ್ದನ್ನು ನಾವೇ ನೋಡಿದ್ದೆವು.

ಅಂಥ ಶಾಲುಗಳು ಮನೆಯಲ್ಲಿ ಹನ್ನೊಂದು ಸೇರಿದ್ದವು. ಹೋದ ವರ್ಷ ಅಮ್ಮಿ ಅವನ್ನೆಲ್ಲ ಜೋಡಿಸಿ ಒಂದು ಕೌದಿ ಹೊಲಿದರು. ಚಳಿಗಾಲಕ್ಕೆ ಚೆನ್ನಾಗಿದೆ.

‘ಕಲೆ ಸೇವೆ, ಅದನ್ನು ಮಾರಬಾರದು’ ಎನ್ನುವವರಿಗೆ ನಾನು ಹೇಳುವುದು ಇಷ್ಟು. ಸೇವೆ ನನಗೂ ಗೊತ್ತು. ಊರ ಭಜನೆಗೆ, ಉರುಸಿಗೆ, ಯಾರಾದರೂ ತೀರಿಕೊಂಡ ರಾತ್ರಿಯ ಭಜನೆಗೆ ನಾನು ಯಾವತ್ತೂ ಒಂದು ರೂಪಾಯಿ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಅಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ಚಹಾ ಕಾಯಿಸುವವರೂ ಊರವರೇ, ಚಾಪೆ ಹಾಸುವವರೂ ಊರವರೇ. ಆದರೆ ಚಾಪೆ ಹಾಸಿದವನಿಗೆ ಕೂಲಿ ಸಿಗುವ ಕಡೆ ಅದರ ಮೇಲೆ ಕೂತು ಹಾಡಿದವನಿಗೂ ಕೂಲಿ ಸಿಗಬೇಕು. ಇದರಲ್ಲಿ ಕಲೆಗೆ ಅವಮಾನ ಎಲ್ಲಿದೆ, ನನಗೆ ಅರ್ಥವಾಗಿಲ್ಲ.

ಆ ಹುಡುಗನ ಲೆಕ್ಕಕ್ಕೆ ಬರುತ್ತೇನೆ. ಎಂಟುನೂರನ್ನು ಮೂವತ್ತರಿಂದ ಗುಣಿಸಿದರೆ ಇಪ್ಪತ್ನಾಲ್ಕು ಸಾವಿರ, ಸರಿ. ಆದರೆ ನಮ್ಮ ಕಸುಬಿನಲ್ಲಿ ತಿಂಗಳಿಗೆ ಮೂವತ್ತು ರಾತ್ರಿ ಇರುವುದಿಲ್ಲ ತಮ್ಮಾ. ಹೋದ ವರ್ಷ ನನಗೆ ಸಿಕ್ಕ ಕಾರ್ಯಕ್ರಮ 64. ಅದರಲ್ಲಿ 11 ಭಜನೆ, ಉರುಸು ಇತ್ಯಾದಿ, ಹಣವಿಲ್ಲ. ಉಳಿದ 53ಕ್ಕೆ ಸರಾಸರಿ 1,500ರಂತೆ 79,500 ರೂಪಾಯಿ. ಕೀಬೋರ್ಡನ್ನು ಕಂತಿನಲ್ಲಿ ತಂದದ್ದು, ತಿಂಗಳಿಗೆ 3,500ರಂತೆ ವರ್ಷಕ್ಕೆ 42,000. ಓಡಾಟ, ಅಡಾಪ್ಟರ್, ಕೇಬಲ್ಲು, ರಿಪೇರಿ, ಒಂದೆರಡು ಜೊತೆ ಬಟ್ಟೆ ಸೇರಿ 9,500. ಉಳಿದದ್ದು 28,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 2,333. ಇದರಲ್ಲಿ ಮೂರು ಕಡೆಯ ಬಾಕಿ ಇನ್ನೂ ಕೈಗೆ ಬಂದಿಲ್ಲ, ಅದನ್ನು ಬಂದಂತೆಯೇ ಹಿಡಿದಿದ್ದೇನೆ. ಅಕೌಂಟೆನ್ಸಿ ಗುರುಗಳು ಇದನ್ನು ಓದಿದರೆ ಕ್ಷಮಿಸಬೇಕು.

ಸೀಸನ್ ಎಂದರೆ ಜನವರಿಯಿಂದ ಮೇ ವರೆಗೆ. ಆಷಾಢದಲ್ಲಿ ಮದುವೆ ಇಲ್ಲ. ರಂಜಾನ್ ತಿಂಗಳು ನಾನೇ ಒಪ್ಪಿಕೊಳ್ಳುವುದಿಲ್ಲ. ಈಗ ಹೊಸ ಕಾಟವೊಂದು ಬಂದಿದೆ: ಪೆನ್‌ಡ್ರೈವ್‌ನಲ್ಲಿ ಟ್ರ್ಯಾಕ್ ಹಾಕಿ ಒಬ್ಬ ಗಾಯಕನನ್ನು ನಿಲ್ಲಿಸಿದರೆ ಆಯಿತು, ಕೀಬೋರ್ಡೂ ಬೇಡ, ತಬಲಾವೂ ಬೇಡ, ರಿದಮ್ ಪ್ಯಾಡೂ ಬೇಡ. ಇದಕ್ಕೆ ನಮ್ಮ ತಪ್ಪೂ ಸ್ವಲ್ಪ ಇದೆ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ ಬಂದ ಮೇಲೆ ಗಾಯಕ ‘ಕಪ್ಪು ಎರಡು’ ಎಂದರೂ ‘ಬಿಳಿ ಐದು’ ಎಂದರೂ ಬಟನ್ ಒತ್ತಿ ಅದೇ ಮನೆಗಳನ್ನು ನುಡಿಸುವ ಸೋಮಾರಿಗಳಾದೆವು. ಯಂತ್ರದಂತೆ ನುಡಿಸಿದವನ ಜಾಗಕ್ಕೆ ಯಂತ್ರವೇ ಬಂತು. ಹಾಡುವವನ ಉಸಿರು ನೋಡಿ, ಅವನು ಒಂದು ಸಾಲು ಮರೆತರೆ ಅದನ್ನು ಮುಚ್ಚಿಕೊಂಡು ಹೋಗುವವನನ್ನು ಟ್ರ್ಯಾಕ್ ಇನ್ನೂ ಓಡಿಸಿಲ್ಲ.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆದಾಗ ಆ ವರ್ಷದ ಸೀಸನ್ ಪೂರ್ತಿ ಹೋಯಿತು. ಮದುವೆ ಇಲ್ಲ, ಜಾತ್ರೆ ಇಲ್ಲ, ಗುಡ್ಡದ ಗುಡಿಯ ಬಾಗಿಲೂ ಮುಚ್ಚಿತ್ತು. ನನ್ನ ಜೊತೆ ನುಡಿಸುತ್ತಿದ್ದ ಒಬ್ಬರು, ನನಗಿಂತ ಎಷ್ಟೋ ಮೇಲಿನ ಕಲಾವಿದ, ತಬಲಾ ಜೋಡಿಯನ್ನು ಮಾರಿದರು. ಯಾರಿಗೆ ಎಷ್ಟಕ್ಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ನಾನು ಮಾರಲಿಲ್ಲ. ನನಗೆ ಕಲೆಯ ಮೇಲೆ ಅವರಿಗಿಂತ ಹೆಚ್ಚು ಪ್ರೀತಿ ಇತ್ತು ಎಂದಲ್ಲ. ಬೀಜ-ಗೊಬ್ಬರದ ಅಂಗಡಿಗೆ ತೆರೆಯಲು ಪರವಾನಗಿ ಇತ್ತು, ಮಾಲಕರಿಗೆ ಲೆಕ್ಕ ಬರೆಯುವವನು ಬೇಕಿತ್ತು, ನನ್ನ ಬಳಿ ಪಿಯುಸಿ ಕಾಮರ್ಸ್ ಅಂಕಪಟ್ಟಿ ಇತ್ತು. ಅಷ್ಟೇ ವ್ಯತ್ಯಾಸ.

ಕಾಲೇಜು ಬಿಡಬೇಡ ಎಂದು ನಾನು ಹೇಳುವುದು ಇದಕ್ಕೇ. ‘ಸಂಗೀತದಿಂದ ಹೊಟ್ಟೆ ತುಂಬುವುದಿಲ್ಲ, ಓದು’ ಎಂದು ಹಿರಿಯರು ಹೇಳುತ್ತಾರಲ್ಲ, ನನ್ನದು ಆ ಮಾತಲ್ಲ. ಸಂಗೀತಕ್ಕಾಗಿಯೇ ಓದು ಎನ್ನುತ್ತೇನೆ. ಕೈಯಲ್ಲಿ ಇನ್ನೊಂದು ಕೆಲಸ ಇದ್ದವನು ಮಾತ್ರ ‘ಇಷ್ಟು ಕೊಟ್ಟರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ’ ಎನ್ನಬಲ್ಲ. ಇಲ್ಲದವನು ಶಾಲಿಗೂ ಹೋಗಬೇಕು, ಮುನ್ನೂರಕ್ಕೂ ಹೋಗಬೇಕು, ಕುಡಿದವರು ‘ಅದ ಹಾಡ ಇನ್ನೊಮ್ಮೆ’ ಎಂದರೆ ಏಳು ಸಲವೂ ನುಡಿಸಬೇಕು. ಈಗ ನನಗೆ ಯಾರಾದರೂ ಫೋನ್ ಮಾಡಿದರೆ ನಾನು ಕೇಳುವ ಎರಡನೇ ಪ್ರಶ್ನೆ ‘ಎಷ್ಟು ಕೊಡ್ತೀರಿ?’ ಮೊದಲನೆಯದು ‘ಯಾವ ತಾರೀಖು?’ ಶುರುವಿನಲ್ಲಿ ನಾಲಿಗೆ ಹೊರಳುತ್ತಿರಲಿಲ್ಲ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದೇನೆ ಎಂದರೆ ನಗಬೇಡಿ.

ದೊಡ್ಡವರ ಉದಾಹರಣೆ ಕೊಟ್ಟು ನನ್ನ ಮಾತನ್ನು ತಿರುಗಿಸಬಹುದು. ಮಹಾಲಿಂಗಪುರದ ಇಬ್ರಾಹಿಂ ಸುತಾರರು ಮೂರನೇ ತರಗತಿಗೆ ಶಾಲೆ ಬಿಟ್ಟವರು, ಭಜನೆ ಹಾಡಿ, ತತ್ವಪದಕ್ಕೆ ಅರ್ಥ ಹೇಳಿ ಊರೂರು ತಿರುಗಿದರು, 2018ರಲ್ಲಿ ಪದ್ಮಶ್ರೀ ಪಡೆದರು. ನಿಜ. ಅವರು ಶಾಲೆ ಬಿಟ್ಟದ್ದು ಬಡತನಕ್ಕೆ, ಸ್ಟೇಜಿಗಾಗಿ ಅಲ್ಲ. ಮತ್ತು ನೇಯ್ಗೆಯ ಕೆಲಸ ಮಾಡಿ ಬದುಕಿದವರು. ಸಂತ ಶಿಶುನಾಳ ಶರೀಫರು ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಶಾಲಾ ಮಾಸ್ತರರಾಗಿದ್ದರು. ಆಮೇಲೆ ಬಿಟ್ಟರಲ್ಲ ಎನ್ನುತ್ತೀರಿ. ಬಿಟ್ಟರು, ಅವರು ಶರೀಫರು. ನಮ್ಮದೇ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರು ಹಾಡುವ ನಟ, 2017ರ ವರೆಗೆ ಬಾಳಿದವರು. ಅವರು ಬರೀ ಹಾಡಿಕೊಂಡು ಕೂರಲಿಲ್ಲ, ಕಲಾವೈಭವ ನಾಟ್ಯ ಸಂಘ ಕಟ್ಟಿ ನಡೆಸಿದರು. ಕಂಪನಿ ನಡೆಸುವುದೆಂದರೆ ಟೆಂಟು, ಟಿಕೆಟ್ಟು, ಪಗಾರ, ಊಟದ ಲೆಕ್ಕ. ಆ ಲೆಕ್ಕ ತಪ್ಪಿದರೆ ಮರುದಿನ ಪರದೆ ಏಳುವುದಿಲ್ಲ.

ಮನೆಯ ಮಾತು ಬಿಟ್ಟರೆ ಈ ಬರಹ ಅರ್ಧವಾಗುತ್ತದೆ. ನಮ್ಮಲ್ಲಿ ಅನೇಕ ಮನೆಗಳಲ್ಲಿ ವಾದ್ಯದ ಬಗ್ಗೆ ಎರಡು ಮನಸ್ಸಿದೆ. ನನ್ನ ಅಬ್ಬಾ ಹತ್ತು ವರ್ಷ ನನ್ನ ಕಾರ್ಯಕ್ರಮಕ್ಕೆ ಬರಲಿಲ್ಲ. ಬೈಯಲೂ ಇಲ್ಲ. ಕೀಬೋರ್ಡನ್ನು ಮಾತ್ರ ನಮಾಜಿನ ಕೋಣೆಯಲ್ಲಿ ಇಡಬೇಡ ಎಂದರು, ನಾನು ಇಡಲಿಲ್ಲ. ಸರಿ-ತಪ್ಪಿನ ತೀರ್ಪು ಕೊಡಲು ನಾನು ಆಲಿಮ್ ಅಲ್ಲ. ಬೇಡ ಎನ್ನುವ ಹಿರಿಯರನ್ನು ಹಳೇ ಕಾಲದವರು ಎಂದು ಗೇಲಿ ಮಾಡುವ ಗೆಳೆಯರ ಜೊತೆ ಸೇರಬೇಡಿ ಎಂದಷ್ಟೇ ಹೇಳಬಲ್ಲೆ. ಅಬ್ಬಾರ ಭಯ ಅರ್ಧ ದೀನಿನದು, ಅರ್ಧ ರಾತ್ರಿ ಮೂರು ಗಂಟೆಗೆ ಬರುವ ಮಗನದು ಎಂದು ನನಗೆ ಬಹಳ ತಡವಾಗಿ ತಿಳಿಯಿತು. ಊರ ಭಜನೆಯಲ್ಲಿ ಇಶಾ ಅಜಾನ್ ಕೇಳಿದ ಕೂಡಲೇ ಪೇಟಿ ಅಜ್ಜಾರು ತಾವೇ ತಿದಿ ಮುಚ್ಚುತ್ತಿದ್ದರು ಎಂದು ಒಮ್ಮೆ ಹೇಳಿದೆ. ಅವತ್ತು ಅಬ್ಬಾ ಬಹಳ ಹೊತ್ತು ಸುಮ್ಮನಿದ್ದು, “ಅವರಿಗೆ ನನ್ನ ಸಲಾಂ ಹೇಳು” ಎಂದರು.

ಹೆಣ್ಣುಮಕ್ಕಳಿಗೆ ಇದು ಇನ್ನೂ ಕಠಿಣ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಮುಂಬೈಗೆ ಹೋಗಿ 1943ರ ‘ಕಿಸ್ಮತ್’ ಚಿತ್ರದಲ್ಲಿ ಹಾಡಿ ದೇಶಕ್ಕೇ ಗೊತ್ತಾದರು. ಅವರ ಬಗ್ಗೆ ರಹಮತ್ ತರೀಕೆರೆಯವರು ಪುಸ್ತಕವನ್ನೇ ಬರೆದಿದ್ದಾರೆ. ನಮ್ಮ ಕಾಲೇಜಿನ ಪ್ರಾರ್ಥನೆಯಲ್ಲಿ ಹಾಡುವ ಹುಡುಗಿಯರಲ್ಲಿ ನನಗಿಂತ ಚೆನ್ನಾಗಿ ಹಾಡುವವರನ್ನು ಸಮ್ಮೇಳನದ ದಿನವೇ ಕೇಳಿದೆ. ರಾತ್ರಿಯ ಆರ್ಕೆಸ್ಟ್ರಾ ಅವರಿಗೆ ಬೇಡ ಎಂದು ಮನೆಯವರು ಹೇಳಿದರೆ ನಾನು ವಾದ ಮಾಡಲಾರೆ, ಅಲ್ಲಿನ ವಾತಾವರಣ ನೋಡಿದವನು ನಾನು. ಆದರೆ ರಾತ್ರಿಯ ಸ್ಟೇಜ್ ಒಂದೇ ದಾರಿಯಲ್ಲ. ಜೂನಿಯರ್, ಸೀನಿಯರ್ ಸಂಗೀತ ಪರೀಕ್ಷೆಗಳಿವೆ. ಧಾರವಾಡ ಇಲ್ಲಿಂದ ಸುಮಾರು 40 ಕಿಲೋಮೀಟರ್, ಅಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತವನ್ನೇ ವಿಷಯವಾಗಿ ಓದಬಹುದು. ಕಲಿತವರು ಕಲಿಸಬಹುದು, ಅದು ಹಗಲಿನ ಕೆಲಸ. ಜಾತಿ-ಮತ ಕೇಳದೆ ಕಲಿಸಿದ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ಇವತ್ತು ಎಷ್ಟೋ ಶಾಲೆಗಳಲ್ಲಿ ಸಂಗೀತ ಶಿಕ್ಷಕರು.

ಕೊನೆಗೆ ಕಾಲೇಜಿಗೆ ನನ್ನ ಕೇಳಿಕೆ. ಸಮ್ಮೇಳನಕ್ಕೆ ಕರೆದಾಗ ನನಗೆ ಹಣ ಕೊಟ್ಟಿರಿ, ಮೊದಲೇ ಮಾತಾಡಿ ಕೊಟ್ಟಿರಿ, ಅದನ್ನು ಇಲ್ಲಿ ಹೇಳಲೇಬೇಕು. ತಬಲಾ ನುಡಿಸಿದವರ ಹೆಸರು ಮಾತ್ರ ಆಮಂತ್ರಣ ಪತ್ರಿಕೆಯಲ್ಲಿ ಇರಲಿಲ್ಲ, ಬರುವ ವರ್ಷ ಇರಲಿ. ಜಾಗ ಉಳಿಯದಿದ್ದರೆ ಅತಿಥಿಗಳ ಬಿರುದುಗಳಲ್ಲಿ ಒಂದೆರಡು ಕಡಿಮೆ ಮಾಡಬಹುದು. ಎರಡನೆಯದು, ಕಾಲೇಜಿಗೆ ಒಂದು ಪೇಟಿ ತನ್ನಿ. ಹೊಸದೇ ಬೇಕೆಂದಿಲ್ಲ, ಹಳೆಯದನ್ನು ರೀಡು ಸರಿ ಮಾಡಿಸಿ ತಂದರೂ ನಡೆಯುತ್ತದೆ, ನೋಡಿ ಕೊಡಲು ನಾನು ಬರುತ್ತೇನೆ. ಆಡಳಿತ ಮಂಡಳಿಯಲ್ಲಿ ಇದಕ್ಕೆ ಒಪ್ಪದವರು ಇರಬಹುದು. ಅವರ ಜೊತೆ ಕೂತು ಮಾತಾಡಲೂ ಬರುತ್ತೇನೆ.

ಆ ಹುಡುಗನ ಹೆಸರನ್ನು ನಾನು ಕೇಳಲಿಲ್ಲ, ನಂಬರ್ ಕೂಡ ಇಲ್ಲ. ಅವನು ಇದನ್ನು ಓದಿದರೆ ಯಾವುದಾದರೂ ಭಾನುವಾರ ಬೆಳಿಗ್ಗೆ ಅಂಗಡಿಗೆ ಬರಲಿ. ಹಿಂದಿನ ಕೋಣೆಯಲ್ಲಿ ಗೊಬ್ಬರದ ಚೀಲಗಳ ಪಕ್ಕ ನನ್ನ ಪೇಟಿ ಇರುತ್ತದೆ, ಮಾಲಕರು ಏನೂ ಅನ್ನುವುದಿಲ್ಲ. ಬರುವಾಗ ಅಕೌಂಟೆನ್ಸಿ ಪುಸ್ತಕವನ್ನೂ ತರಲಿ. ಮೊದಲ ತಿಂಗಳು ತಿದಿ ಒತ್ತುವುದಷ್ಟೇ ಕೆಲಸ, ಅದನ್ನು ಈಗಲೇ ಹೇಳಿಬಿಡುತ್ತೇನೆ.